ಜೀವನಾಂಶಕ್ಕೆ ಬಂದ ಕೊಳೆರೋಗ

2024ರ ಡಿಸೆಂಬರಲ್ಲಿ ಕೊಯಮತ್ತೂರಿನ ಆ ಮಹಾಶಯ ಹೆಂಡತಿಗೆ ಜೀವನಾಂಶವಾಗಿ ಕೊಡಬೇಕಾದ 80 ಸಾವಿರವನ್ನು ಒಂದು, ಎರಡು ರೂಪಾಯಿ ಚಿಲ್ಲರೆಯಲ್ಲಿ ಮೂಟೆ ಕಟ್ಟಿ ಕೋರ್ಟಿಗೆ ತಂದಿದ್ದು ನೆನಪಿದೆ ಅಲ್ವಾ? ನ್ಯಾಯಾಧೀಶರು ನೋಟು ತನ್ನಿ ಅಂತ ವಾಪಸ್ ಕಳಿಸಿದರು. ನಮ್ಮ ಮಲೆನಾಡಿನ ಗಂಡಸರು ಸುಮ್ನೆ ಅಷ್ಟೆಲ್ಲ ಹೊರೆ ಹೊರುವವರಲ್ಲ. ಇಲ್ಲಿ ಜೀವನಾಂಶದ ನೋಟಿಸ್ ಬಂದ ದಿನವೇ ಅಡಿಕೆ ತೋಟಕ್ಕೆ ಕೊಳೆರೋಗ ಬರುತ್ತದೆ.

ಕೊಳೆ, ಎಲೆಚುಕ್ಕೆ ರೋಗ ಎರಡೂ ನಿಜವಾದ ಕಷ್ಟವೇ. ಆದರೆ ಹೆಣ್ಣು ನೋಡಲು ಹೋದಾಗ ‘ನಾಲ್ಕೆಕರೆ ಫಸಲಿನ ತೋಟ’ ಆಗಿದ್ದದ್ದು, ಆದಾಯದ ಅಫಿಡವಿಟ್ ಬರೆಯುವಾಗ ಅಪ್ಪನ ಹೆಸರಲ್ಲಿರುತ್ತದೆ. ಪಿಕಪ್ ತಮ್ಮನದು. ಬುಲೆಟ್ ಭಾವನದು. ಸ್ವಂತದ್ದು ಅಂತ ಉಳಿಯುವುದು ಬಿ.ಪಿ. ಮತ್ತು ಸೊಸೈಟಿ ಸಾಲ.

ಇವರಿಗೆ ಜಾಸ್ತಿ ಉರಿಯುವುದು ಹಳೇ ಬಾಕಿ. ಜೀವನಾಂಶದ ಲೆಕ್ಕ ಅರ್ಜಿ ಹಾಕಿದ ದಿನದಿಂದಲೇ ಶುರು ಅಂತ 2020ರಲ್ಲಿ ಸುಪ್ರೀಂ ಕೋರ್ಟು ರಜ್ನೇಶ್-ನೇಹಾ ಪ್ರಕರಣದಲ್ಲಿ ಹೇಳಿಬಿಟ್ಟಿತು. ಅಲ್ಲಿಂದ ಗೋಳು: ‘ವಿಚ್ಛೇದನವೇ ಆಗಿಹೋಯ್ತು, ಮುಗಿದ ತಿಂಗಳಿಗೂ ದುಡ್ಡಾ?’

ಹೀಗೆ ಕೇಳುವವರ ಅಟ್ಟ ಹತ್ತಿ ನೋಡಿ. ಹೋದ ವರ್ಷದ ರಾಶಿ ಅಡಿಕೆ ಮೂಟೆಯಲ್ಲಿ ಕೂತಿರುತ್ತದೆ. ಶಿವಮೊಗ್ಗ ಮಾರುಕಟ್ಟೆಯಲ್ಲಿ ರೇಟು ಏರಲಿ ಅಂತ ಕಾಯುತ್ತಿರುತ್ತಾರೆ. ಅಡಿಕೆಯಲ್ಲಿ ಹಳೇ ಸರಕು, ಹಳೇ ಬೆಟ್ಟೆ, ಕೊನೆಗೆ ಕಡಿಮೆ ದರ್ಜೆಯ ಗೊರಬಲಿಗೂ ಬೆಲೆ ಉಂಟು. ಕೊಯ್ಲಿನ ಕಾಲದಲ್ಲಿ ಮನೆಮಂದಿಗೂ ಆಳುಗಳಿಗೂ ಅಡುಗೆ ಮಾಡಿ ಹಾಕಿ, ರಾತ್ರಿ ಮೆಟ್ಟುಗತ್ತಿ ಮುಂದೆ ಕೂತು ಆ ಅಡಿಕೆ ಸುಲಿದವಳು ಅದೇ ಹೆಂಡತಿ. ಪಕ್ಕದಲ್ಲಿ ಕೂತ ಆಳಿಗೆ ಸುಲಿದಷ್ಟಕ್ಕೂ ಕೂಲಿ ಸಿಕ್ಕಿತು. ಅವಳದ್ದು ಮಾತ್ರ ‘ನಮ್ಮನೆ ಕೆಲಸ’.

ಮಧ್ಯಂತರ ಜೀವನಾಂಶದ ಅರ್ಜಿಯನ್ನು ಸಾಧ್ಯವಾದಷ್ಟೂ 60 ದಿನದೊಳಗೆ ಮುಗಿಸಿ ಅನ್ನುತ್ತದೆ ಕಾನೂನು. ಎಂಥಾ ಸೊಗಸಾದ ಮಾತು! ಮೊದಲ ವಾಯಿದೆಗೆ ವಕೀಲರಿಗೆ ಜ್ವರ, ಎರಡನೆಯದಕ್ಕೆ ಅಫಿಡವಿಟ್ ತಯಾರಿಲ್ಲ, ಮೂರನೆಯದಕ್ಕೆ ಆಗುಂಬೆ ಕಡೆ ಜೋರು ಮಳೆ.

ಅಷ್ಟೂ ದಿನ ಅವಳು ಊಟ ಮಾಡಿದ್ದಾಳೆ. ತವರಲ್ಲಿ ಅತ್ತಿಗೆಯ ಮುಖ ನೋಡಿಕೊಂಡು ಉಂಡಿದ್ದಾಳೆ. ಮಗುವಿನ ಶಾಲೆ ಫೀಸನ್ನು ಸಂಘದ ಸಾಲದಲ್ಲಿ ಕಟ್ಟಿದ್ದಾಳೆ. ಸಂಘದಲ್ಲಿ ವಾಯಿದೆ ಸಿಗುವುದಿಲ್ಲ. ಕಂತಿನ ದಿನ ಕಂತು ಕಟ್ಟಲೇಬೇಕು. ಆಮೇಲೆ ಆದೇಶ ಕೈಗೆ ಬಂದರೂ ಆತ ಕೊಡದಿದ್ದರೆ ಮತ್ತೆ ಅವಳೇ ಅರ್ಜಿ ಹಾಕಬೇಕು. ಅದೂ ಬಾಕಿ ಬಿದ್ದ ಒಂದು ವರ್ಷದೊಳಗೆ. ತಡವಾದರೆ ಆ ಬಾಕಿಗೆ ವಸೂಲಿ ವಾರಂಟ್ ಹೊರಡುವುದಿಲ್ಲ. ವಾಯಿದೆ ಮೇಲೆ ವಾಯಿದೆ ಕೇಳುವವನಿಗೆ ಇಷ್ಟೇ ಬಿಗಿಯಾಗಿ ಗಡುವು ಯಾಕೆ ಬೀಳುವುದಿಲ್ಲ ಸ್ವಾಮಿ?