ಸ್ಪಷ್ಟನೆ: ಹವಳದ ತೊಟ್ಟಿಯ ಜೀವ ಹಳೆಯ ನೀರಿನಲ್ಲಿಲ್ಲ

ಮನೆ ಬದಲಿಸುವಾಗ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂನ ಹಳೆಯ ನೀರನ್ನು ಪೂರ್ತಿ ಸಾಗಿಸಿದರೆ ಸಾಕು, ಉಪಕಾರಿ ಬ್ಯಾಕ್ಟೀರಿಯಾಗಳೆಲ್ಲ ಅದರಲ್ಲೇ ಇರುತ್ತವೆ ಎಂಬ ಸಲಹೆ ಹರಿದಾಡುತ್ತಿದೆ. ಇದು ತಪ್ಪು. ಮೀನುಗಳಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಕಡಿಮೆ ಹಾನಿಯ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾಗಳು ಬಹುಪಾಲು ಕಲ್ಲು, ಮರಳು, ಫಿಲ್ಟರ್‌ಗಳ ಮೈಗೆ ಅಂಟಿಕೊಂಡು ಬದುಕುತ್ತವೆ. ನೀರಿನಲ್ಲಿ ತೇಲುವವು ಅತ್ಯಲ್ಪ. ಹಳೆಯ ನೀರು ಮುಖ್ಯವಾಗಿ ಬೇಕಾಗುವುದು ಪ್ರಯಾಣದ ಬಕೆಟ್‌ಗಳಿಗೆ. ಕಲ್ಲುಗಳನ್ನು ಅದರಲ್ಲಿ ಮುಳುಗಿಸಿಯೇ ಒಯ್ಯಿರಿ. ಒಣಗಿದರೆ ಅವುಗಳ ಮೇಲಿನ ಜೀವಿಗಳು ಸತ್ತು, ಕೊಳೆತು, ಅಮೋನಿಯಾ ಏರುತ್ತದೆ.

ನನಗೆ ಹೆಚ್ಚು ಭಯವಿರುವುದು ತಳದ ಮರಳಿನ ಬಗ್ಗೆ. ವರ್ಷಗಟ್ಟಲೆ ಕೂತ ಕೊಳೆಯನ್ನು ಕದಡಿದರೆ ಪಾಪದ ಮೀನುಗಳು ಬದುಕಿ ಉಳಿಯದಿರಬಹುದು. ಆ ಮರಳನ್ನು ಉಪ್ಪುನೀರಿನಲ್ಲಿ ಚೆನ್ನಾಗಿ ತೊಳೆಯಿರಿ, ಇಲ್ಲವೇ ಹೊಸ ಮರಳು ಹಾಕಿ. ಹೊಸ ನೀರನ್ನು ಹಿಂದಿನ ದಿನವೇ ಬೆರೆಸಿಡಿ: ಕಿಲೋ ಉಪ್ಪುನೀರಿಗೆ ಸುಮಾರು 35 ಗ್ರಾಂ ಲವಣ, ಸುಮಾರು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ.