ಪೈಲಟ್ ಮಗನೂ ಕಾಯಿಹಾಲಿಲ್ಲದ ಹೋಳಿಗೆಯೂ

ಎಲೆಗೆ ಹೋಳಿಗೆ ಬಿದ್ದ ಮೇಲೆ ಹಿಂದೆಯೇ ಕಾಯಿಹಾಲು ಬರಬೇಕು. ನಿನ್ನೆ ನೀರ್ಚಾಲಿನ ಪೂಜೆಯೂಟದಲ್ಲಿ ಬರಲಿಲ್ಲ. ತುಪ್ಪದ ಪಾತ್ರೆ ಹಿಡಿದ ಹುಡುಗನೊಬ್ಬ ಬಂದು, “ಕಾಯಿಹಾಲು ಮೊದಲ ಪಂಕ್ತಿಗೇ ಖಾಲಿ ದೊಡ್ಡಮ್ಮ, ತುಪ್ಪ ಹಾಕಲಾ?” ಎಂದ. ನಮ್ಮ ಕಾಸರಗೋಡಿನ ಬದಿಯಡ್ಕದ ಆಚೀಚೆ ಪೂಜೆ, ಮದುವೆ, ಉಪನಯನ ಅಂತ ಉಂಡವರಿಗೆ ನನ್ನ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಬರೀ ತುಪ್ಪದಲ್ಲಿ ಹೋಳಿಗೆ ತಿನ್ನುವುದಕ್ಕಿಂತ ಮನೆಯಲ್ಲಿ ಗಂಜಿ ಕುಡಿದು ಮಲಗುವುದು ಲೇಸು. ನಾವು ಸೀರೆ ಉಟ್ಟು ಚಾವಡಿಯಲ್ಲಿ ಕೂತಾಗ ಗಂಟೆ ಹನ್ನೊಂದೂ ಆಗಿರಲಿಲ್ಲ. ನೀರ್ಚಾಲು ನಮಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಆದರೂ ಎರಡನೇ ಪಂಕ್ತಿ. ಕಾರಣ, ನಮ್ಮ ಮಗ ವಿಮಾನ ಓಡಿಸಲು ಕಲಿಯುತ್ತಿದ್ದಾನೆ.

ಬೆಂಗಳೂರಿನಲ್ಲಿ ಅವನಿಗೆ ಸಾಫ್ಟ್‌ವೇರ್ ಕೆಲಸ. ಸಂಬಳ ಉಳಿಸಿ ಒಂದು ಸೈಟು ಮಾಡು ಎಂದರೆ ಶನಿವಾರ, ಭಾನುವಾರ ಹೋಗಿ ಅದನ್ನು ಆಕಾಶದಲ್ಲಿ ಖರ್ಚು ಮಾಡಿ ಬರುತ್ತಾನೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಅಂತೆ. ಅದಕ್ಕೆ ಕಡಿಮೆಯೆಂದರೆ 40 ಗಂಟೆ ಹಾರಿರಬೇಕು. ಒಂದು ಗಂಟೆಗೆ ಹತ್ತು ಸಾವಿರ ದಾಟುತ್ತದೆ. ಆ ಗಂಟೆಯೂ ಪೂರ್ತಿ ಆಕಾಶದಲ್ಲಿ ಸಿಗುವುದಿಲ್ಲ. ನೆಲದ ಮೇಲೆ ಉರುಳುತ್ತ ಸರದಿಗೆ ಕಾಯುವಾಗಲೂ ಮೀಟರ್ ಓಡುತ್ತಿರುತ್ತದೆ. ಅದೂ ವಿಮಾನ ಸಿಕ್ಕಿದರೆ. ಒಂದು ವಾರ ಮಂಜು, ಒಂದು ವಾರ ಅಡ್ಡಗಾಳಿ, ಒಂದು ವಾರ ವಿಮಾನವೇ ಸರ್ವಿಸಿಗೆ ಹೋಗಿರುತ್ತದೆ, ಎಲ್ಲ ಸರಿ ಇದ್ದ ದಿನ ಕಲಿಸುವವರಿಗೆ ನೆಗಡಿ.

ಊರಿನಲ್ಲಿ ಸುದ್ದಿ ಹಬ್ಬಿದ ಮೇಲೆ ಎಲ್ಲರದ್ದೂ ಒಂದೇ ಪ್ರಶ್ನೆ: “ಇಂಡಿಗೋದಲ್ಲಾ? ಸಂಬಳ ಎಷ್ಟು?” ಸಂಬಳ ಇಲ್ಲ. ಈ ಲೈಸೆನ್ಸಿನಲ್ಲಿ ಬಾಡಿಗೆಗೋ ಸಂಬಳಕ್ಕೋ ವಿಮಾನ ಓಡಿಸುವಂತೆಯೇ ಇಲ್ಲ, ಅದಕ್ಕೆ 200 ಗಂಟೆ ಹಾರಿ ಬೇರೆ ಲೈಸೆನ್ಸ್ ತೆಗೆಯಬೇಕು. ಇದನ್ನು ವಿವರಿಸಿದಾಗ ನೆಂಟರ ಮುಖ ನೋಡಬೇಕು. ಪೆಟ್ರೋಲೂ ಇವನದ್ದೇ, ಡ್ರೈವಿಂಗೂ ಇವನದ್ದೇ, ಕೊಡುವುದೂ ಇವನೇ! ಆಚೆಮನೆ ಮಾಷ್ಟ್ರು ಮಾತ್ರ ಸಂಬಳ ಕೇಳುವುದಿಲ್ಲ. ಅವರು ರಿಟೈರ್ ಆಗಿ ವರ್ಷಗಳಾದರೂ ಚರಿತ್ರೆಯ ಪಾಠ ಬಿಟ್ಟಿಲ್ಲ. “ಜೆ. ಆರ್. ಡಿ. ಟಾಟಾ 1929ರಲ್ಲೇ ತೆಗೆದಿದ್ದಾರೆ ತಂಗಿ. ಸರಳಾ ಠಕ್ರಾಲ್ 1936ರಲ್ಲಿ ಸೀರೆ ಉಟ್ಟುಕೊಂಡು ಹಾರಿದ್ದಾರೆ. ಇವನದ್ದು ಎಂತ ಇಷ್ಟು ತಡ?” ಎಂದು ಗೇಟಿನಲ್ಲೇ ನಿಲ್ಲಿಸಿ ಕೇಳುತ್ತಾರೆ. ಮುಂದಿನ ಸಲಹೆಯೂ ಅವರ ಬಳಿ ತಯಾರಿದೆ. ಪೆರಿಯದಲ್ಲಿ ಏರ್‌ಸ್ಟ್ರಿಪ್ ಆದ ಕೂಡಲೇ ಇವನು ಅಲ್ಲಿಗೇ ಬಂದು ಇಳಿಯಬೇಕಂತೆ. ಉತ್ತರಕ್ಕೆ ಮಂಗಳೂರು, ದಕ್ಷಿಣಕ್ಕೆ 2018ರಿಂದ ಕಣ್ಣೂರು, ನಡುವೆ ಕೂತ ನಮಗೆ ಆ ಏರ್‌ಸ್ಟ್ರಿಪ್ಪಿನ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ.

ವಿಮಾನಕ್ಕೆ ಹತ್ತುವ ಮೊದಲಿನ ಕಥೆ ಬೇರೆ. ರಕ್ತ, ಮೂತ್ರ, ಇಸಿಜಿ, ಕಿವಿ, ಕಣ್ಣು, ಬಣ್ಣಬಣ್ಣದ ಚುಕ್ಕಿಗಳ ಮಧ್ಯೆ ಅಡಗಿದ ಅಂಕೆ ಓದುವುದು. ಎಷ್ಟೋ ಹೆಣ್ಣಿನ ಕಡೆಯವರು ಇವನನ್ನು ನೋಡಲು ಬಂದು ಹೋಗಿದ್ದಾರೆ, ಯಾರೂ ಇಷ್ಟು ಪರೀಕ್ಷೆ ಮಾಡಿಲ್ಲ. ಆಮೇಲೆ ಕಾಗದಪತ್ರ. ಹತ್ತನೇ ಕ್ಲಾಸಿನ ಪುಸ್ತಕದಲ್ಲಿ ಮನೆತನದ ಹೆಸರು ಹಿಂದೆ, ಆಧಾರಿನಲ್ಲಿ ಮುಂದೆ, ಜನನ ಪತ್ರದಲ್ಲಿ ಅಪ್ಪನ ಹೆಸರಿಗೆ ಒಂದು ಕೊಂಬು ಜಾಸ್ತಿ. ಮಲಯಾಳ, ಕನ್ನಡ, ಇಂಗ್ಲಿಷ್ ಅಂತ ಮೂರು ಕೈ ದಾಟಿದ ಹೆಸರು ನೆಟ್ಟಗೆ ಉಳಿದ ಕಾಸರಗೋಡಿನವರು ಯಾರಾದರೂ ಇದ್ದರೆ ಹೇಳಿ, ಅವರ ಮನೆಗೆ ಹೋಗಿ ನೋಡಿ ಬರುತ್ತೇನೆ.

ಈಗ ಮಳೆಗಾಲ. ಹಾರಾಟ ಬಂದ್. ಆಫೀಸಿನ ಕೆಲಸವನ್ನು ಮನೆಯಿಂದಲೇ ಮಾಡುತ್ತೇನೆಂದು ಬಂದು ಕೂತವನು ಉಳಿದ ಹೊತ್ತೆಲ್ಲ ಲೈಸೆನ್ಸಿನ ಕೊನೆಯ ಪರೀಕ್ಷೆಗೆ ತಯಾರಿ ನಡೆಸಿದ್ದಾನೆ, ನಮ್ಮ ಮೇಲೆ. ಗ್ಯಾಸ್ ಸಿಲಿಂಡರ್ ತಂದ ಹುಡುಗ ನಂಬರು ಕೇಳಿದರೆ “ಟ್ರೀ, ಫೈಫ್, ನೈನರ್” ಎನ್ನುತ್ತಾನೆ. ರೇಡಿಯೋದ ಗರಗರದಲ್ಲಿ ಮೂರು, ಐದು, ಒಂಬತ್ತು ಒಂದಕ್ಕೊಂದು ಬೆರೆಯಬಾರದೆಂದು ಪೈಲಟ್‌ಗಳು ಹಾಗೆ ಹೇಳಬೇಕಂತೆ. ನಮ್ಮ ಅಂಗಳದಲ್ಲಿ ಗರಗರ ಅನ್ನುವುದು ಮಿಕ್ಸಿ ಒಂದೇ. ಆ ಹುಡುಗ ನನ್ನ ಮುಖ ನೋಡಿದ, ನಾನು ನಂಬರನ್ನು ಮಲಯಾಳದಲ್ಲಿ ಹೇಳಿ ಸಿಲಿಂಡರ್ ಇಳಿಸಿಕೊಂಡೆ.

ಒಂದು ಗುಣ ಮಾತ್ರ ಒಳ್ಳೆಯದೇ ಬಂದಿದೆ. ಹೇಳಿದ್ದನ್ನು ಹೇಳಿದವರಿಗೇ ತಿರುಗಿ ಒಪ್ಪಿಸುವುದು. ಕಂಟ್ರೋಲ್ ಟವರಿನವರು ಎಷ್ಟು ಎತ್ತರ, ಯಾವ ರನ್‌ವೇ ಎಂದರೆ ಪೈಲಟ್ ಅದನ್ನೇ ಮತ್ತೆ ಹೇಳಬೇಕು, ತಪ್ಪಿದ್ದರೆ ಅವರು ಅಲ್ಲೇ ತಿದ್ದುತ್ತಾರೆ. ಪೇಟೆಗೆ ಹೊರಟವನು “ಅರ್ಧ ಕೆ.ಜಿ. ಉದ್ದು, ಕೊತ್ತಂಬರಿ ಸೊಪ್ಪು, ಪುದೀನ ಅಲ್ಲ” ಎಂದು ಒಪ್ಪಿಸಿಯೇ ಮೆಟ್ಟಿಲಿಳಿಯುತ್ತಾನೆ. ಇಷ್ಟು ವರ್ಷ “ಹ್ಞೂಂ” ಎಂದು ಹೋಗಿ ಪುದೀನವನ್ನೇ ತಂದವರು ಈ ಮನೆಯಲ್ಲಿದ್ದಾರೆ. ಹೆಸರು ಹೇಳುವುದಿಲ್ಲ.

ಹವಾಮಾನದ ಪಾಠವೂ ಇರುವ ಪೇಪರಿನಲ್ಲಿ ಪಾಸು. ನೂರಕ್ಕೆ ಎಪ್ಪತ್ತಾದರೂ ಬಂದರೇ ಪಾಸು ಅದು. ಆಕಾಶವನ್ನು ಎಂಟು ಪಾಲು ಮಾಡಿ, ಮೋಡ ಎಷ್ಟು ಪಾಲು ಎಂದು ಎಣಿಸುತ್ತಾರಂತೆ. ಬೇಸಗೆಯಲ್ಲಿ ಬಂದಿದ್ದಾಗ “ಮೂರೇ ಪಾಲು ಅಮ್ಮ, ಹಾಕು” ಎಂದ. ಹಲಸಿನ ಹಪ್ಪಳ ಅಂಗಳದ ತುಂಬ ಹಾಕಿದೆ. ಆ ಮೂರು ಪಾಲೂ ನಮ್ಮ ಅಂಗಳದ ಮೇಲೆಯೇ ಇತ್ತು.

ನಿನ್ನೆಯದಕ್ಕೆ ಬರುತ್ತೇನೆ. ಕಾರಿಗೆ ಇವನು, ಇವನ ಅಪ್ಪ, ನಾನು, ಅತ್ತೆ, ಮಾಷ್ಟ್ರ ಹೆಂಡತಿ ಅಕ್ಕ, ಡಿಕ್ಕಿಯಲ್ಲಿ ಪೂಜೆಮನೆಗೆಂದು ಒಂದು ಹಲಸಿನಹಣ್ಣು. ಹತ್ತಿ ಕೂರಲು ಹೋದರೆ “ಇರಿ, ಪ್ರೀಫ್ಲೈಟ್ ಆಗಲಿಲ್ಲ” ಎಂದ. ಕೈಯಲ್ಲಿ ಪಟ್ಟಿ. ಡ್ರೈವರ್ ಬಾಗಿಲಿನಿಂದ ಹೊರಟು ಕಾರಿಗೆ ಪ್ರದಕ್ಷಿಣೆ. ಟಯರ್ ಒತ್ತಿದ, ವೈಪರ್ ಎತ್ತಿ ಇಳಿಸಿದ, ಅಡಿಗೆ ಬಗ್ಗಿ ಎಣ್ಣೆ ಸೋರುತ್ತದೋ ನೋಡಿದ. ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದು, ಒರೆಸಲು ಬಟ್ಟೆ ಹುಡುಕಿ, ಅಪ್ಪನ ಹೆಗಲ ಮೇಲಿದ್ದ ಹೊಸ ಶಾಲಿನತ್ತ ಕೈ ಚಾಚಿದ. ಇವರು ಅಷ್ಟಕ್ಕೇ ಸ್ಕೂಟರ್ ಹತ್ತಿ ಹೋಗಿಬಿಟ್ಟರು. ಆಮೇಲೆ ಇವನಿಗೆ ಪೆಟ್ರೋಲಿನ ಚಿಂತೆ ಹತ್ತಿತು. ವಿಮಾನದಲ್ಲಾದರೆ ಹಾರುವ ಮೊದಲು ರೆಕ್ಕೆಯ ಅಡಿಯಿಂದ ಸ್ವಲ್ಪ ಪೆಟ್ರೋಲ್ ಗಾಜಿನಂಥ ಕೊಳವೆಗೆ ಇಳಿಸಿ ನೋಡುತ್ತಾರಂತೆ. ಅದು ನೀಲಿ ಬಣ್ಣದ್ದು. ನೀರು ಸೇರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ನಮ್ಮ ಆಲ್ಟೋಗೆ ಆ ಭಾಗ್ಯ ಇಲ್ಲ ಎಂದು ಬೇಜಾರು ಮಾಡಿಕೊಂಡ.

ಕೊನೆಯದು ತೂಕ. ಅವನು ಕಲಿಯುವುದು ಸೆಸ್ನಾ 152 ಎಂಬ ಎರಡು ಸೀಟಿನ ವಿಮಾನದಲ್ಲಿ. ಗಟ್ಟಿ ಆಳುಗಳಿಬ್ಬರು ಕೂತರೆ ಟ್ಯಾಂಕ್ ತುಂಬಿಸುವ ಹಾಗಿಲ್ಲ, ಭಾರ ಮಿತಿ ಮೀರುತ್ತದೆ. ಹಾಗಾಗಿ ಯಾರ ತೂಕ ಎಷ್ಟು, ಯಾರು ಎಲ್ಲಿ ಕೂರುತ್ತಾರೆ, ಚೀಲ ಎಲ್ಲಿ, ಎಲ್ಲ ಲೆಕ್ಕ ಹಾಕಿಯೇ ಹೊರಡಬೇಕಂತೆ. ಅಡಿಕೆ ತೂಗುವ ತಕ್ಕಡಿ ಜಗಲಿಯಲ್ಲೇ ಇತ್ತು. ಮೊದಲು ಹಲಸಿನಹಣ್ಣು ಇಟ್ಟು ಬರೆದುಕೊಂಡ. ಆಮೇಲೆ ನಮ್ಮನ್ನು ನೋಡಿದ.

“ಐವತ್ತೆಂಟು” ಎಂದರು ಅಕ್ಕ, ತಕ್ಕಡಿಯಿಂದ ಎರಡು ಹೆಜ್ಜೆ ದೂರ ಸರಿದು. ಅದು ಅವರ ಮದುವೆಯ ಕಾಲದ ತೂಕ ಇರಬೇಕು.

“ವ್ಯಾನಿಟಿ ಬ್ಯಾಗ್ ಸೇರಿಸಿ ಹೇಳಿ ಆಂಟಿ” ಎಂದ ಈ ಪುಣ್ಯಾತ್ಮ.

ಅಕ್ಕನ ಮುಖ ಕೆಂಪಾಯಿತು. ನನ್ನ ಸರದಿ ಬಂತು. “ನಿನಗೆ ಬೇಕಾದಷ್ಟು ಬರೆದುಕೋ” ಎಂದೆ.

“ಅಂದಾಜು ಆಗುವುದಿಲ್ಲ ಅಮ್ಮ. ಭಾರ ತಪ್ಪಿದರೆ ರನ್‌ವೇ ಸಾಕಾಗಲಿಕ್ಕಿಲ್ಲ.”

“ನೀರ್ಚಾಲಿಗೆ ಹೋಗಲಿಕ್ಕೆ ಎಂತದ್ದು ರನ್‌ವೇ ಮಾರಾಯ!”

ಅವನು ಕೇಳಿಸಿಕೊಳ್ಳಲಿಲ್ಲ. ಒಂದೊಂದು ತೂಕವನ್ನೂ ಒಂದೊಂದು ದೂರದಿಂದ ಗುಣಿಸಿ, ಕೂಡಿಸಿ, ಭಾಗಿಸಿ, ಹಿಂದೆ ಭಾರ ಜಾಸ್ತಿಯಾದರೆ ಮೂತಿ ಮೇಲೇಳುತ್ತದೆ ಎಂದು ತೀರ್ಮಾನ ಕೊಟ್ಟ. “ಅಮ್ಮ ಹಿಂದೆ ಬೇಡ, ಮುಂದೆ ಕೂರಲಿ.” ಅಕ್ಕ ಆಗ ನಕ್ಕರು. ಆ ನಗು ಇವತ್ತಿನ ಹೊತ್ತಿಗೆ ನೀರ್ಚಾಲು ದಾಟಿ ಕುಂಬಳೆ ಮುಟ್ಟಿರುತ್ತದೆ.

ಹತ್ತಿ ಕೂತ ಮೇಲೆ ಬೆಲ್ಟ್ ಹಾಕುವುದು ಹೇಗೆ, ತೆಗೆಯುವುದು ಹೇಗೆ, ಅವಸರದಲ್ಲಿ ಬಾಗಿಲು ತೆರೆಯುವುದು ಹೇಗೆ ಎಂದು ಅತ್ತೆಗೆ ಪಾಠ. ರಸ್ತೆಗೆ ಏರುವಲ್ಲಿ “ಎಡ ಕ್ಲಿಯರ್, ಬಲ ಕ್ಲಿಯರ್” ಎಂದು ಗಟ್ಟಿಯಾಗಿ ಹೇಳುತ್ತಿದ್ದಾಗ ಹಿಂದಿನಿಂದ ಬಂದ ಪ್ರೈವೇಟ್ ಬಸ್ಸು ಎದೆ ಒಡೆಯುವ ಹಾಗೆ ಹಾರ್ನ್ ಹಾಕಿ ದಾಟಿ ಹೋಯಿತು. ಆ ಬಸ್ಸಿಗೆ ಚೆಕ್‌ಲಿಸ್ಟ್ ಇಲ್ಲ. ಕಂಡಕ್ಟರ್ ಬದಿಗೆ ಎರಡು ಬಡಿದು “ರೈಟ್” ಎಂದರೆ ಮುಗಿಯಿತು. ನಾವು ತಲುಪುವಾಗ ನಮ್ಮವರು ಮೊದಲ ಪಂಕ್ತಿಯಲ್ಲಿ ಉಂಡು, ಕೈ ತೊಳೆದು, ಚಪ್ಪರದ ಕುರ್ಚಿಯಲ್ಲಿ ಎಲೆಯಡಿಕೆ ಜಗಿಯುತ್ತಿದ್ದರು. “ಕಾಯಿಹಾಲು ಬಹಳ ಒಳ್ಳೆಯದಿತ್ತು” ಎಂದು ಕೇಳದಿದ್ದರೂ ಹೇಳಿದರು.

ಬೈಯುತ್ತೇನೆ, ನಿಜ. ಆದರೆ ಇವನು ಮೊದಲ ಸಲ ಒಬ್ಬನೇ ಹಾರಿದ ದಿನ ಕೆಳಗಿಳಿದ ಮೇಲೆಯೇ ನನಗೆ ಫೋನ್ ಮಾಡಿದ್ದು. ಕಲಿಸುವವರು ಹಾಗೇ ಇಳಿದು ಬಾಗಿಲು ಹಾಕಿ, ಒಂದು ಸುತ್ತು ಹೋಗಿ ಬಾ ಎಂದರಂತೆ. ಪಕ್ಕದ ಸೀಟಿನ ಭಾರ ಇಳಿದದ್ದರಿಂದ ವಿಮಾನ ಎಣಿಸಿದ್ದಕ್ಕಿಂತ ಬೇಗ ಮೇಲೆದ್ದಿತಂತೆ. ಇಳಿದ ಮೇಲೆ ಎಲ್ಲರೂ ಸೇರಿ ತಲೆಗೆ ಬಕೆಟ್ ನೀರು ಸುರಿದರಂತೆ, ಅದು ಅವರ ಕ್ರಮ. ನನಗೆ ಬಾಯಿಗೆ ಬಂದದ್ದು ಇಷ್ಟೇ: “ತಲೆ ಒರೆಸಿಕೊಂಡೆಯಾ?”

ನಿನ್ನೆ ರಾತ್ರಿ ಊಟಕ್ಕೆ ಯಾರಿಗೂ ಹಸಿವಿರಲಿಲ್ಲ, ಸುಮ್ಮನೆ ಕೂತಿದ್ದೆವು. ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, “ನೀನು ಕಲಿತು ಮದ್ದು ಬಿಡಲಿಕ್ಕೆ ಹೋಗುವುದಾ?” ಅವರ ತವರು ಎಣ್ಮಕಜೆ ಕಡೆ. ಅಲ್ಲಿಯ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೂ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವುದೇ. ಹೆಲಿಕಾಪ್ಟರ್ ಸದ್ದಾದರೆ ಮಕ್ಕಳು ಅಂಗಳಕ್ಕೆ ಓಡಿ ಕೈಬೀಸುತ್ತಿದ್ದರಂತೆ, ದೊಡ್ಡವರು ಬಾವಿಗೆ ಮಡಲು ಮುಚ್ಚುತ್ತಿದ್ದರಂತೆ. ಹಾಗೆ ಕೈಬೀಸಿದವರಲ್ಲಿ ಅತ್ತೆಯ ತಮ್ಮನ ಮಕ್ಕಳೂ ಇದ್ದರು. ಅವರ ವಿಷಯ ಅತ್ತೆ ಮಾತಾಡುವುದಿಲ್ಲ.

“ಇಲ್ಲ ಅಜ್ಜಿ. ಈ ಲೈಸೆನ್ಸಿನಲ್ಲಿ ಅದಕ್ಕೆ ಹೋಗಲಿಕ್ಕಾಗುವುದಿಲ್ಲ.”

“ಆಗುವುದಾದರೂ ಹೋಗಬೇಡ.”

“ಹೋಗುವುದಿಲ್ಲ” ಎಂದು ಒಪ್ಪಿಸಿದ.

ಅತ್ತೆ ಸೆರಗು ಸರಿಮಾಡಿಕೊಂಡರು. “ಹಾಗಾದರೆ ನನ್ನದು ನಲವತ್ತೊಂದು ಕಿಲೋ, ಬರೆದುಕೋ. ನಾನು ಒಂದು ಸಲ ಬರುತ್ತೇನೆ.”

ಪೆನ್ನು ಸಿಕ್ಕಿದ್ದೇ ತಡ, ಲೆಕ್ಕ ಶುರು. “ಅಜ್ಜಿ ಕೂತರೆ ಫುಲ್ ಟ್ಯಾಂಕ್ ಹಾಕಬಹುದು” ಎಂದ ಖುಷಿಯಲ್ಲಿ.

“ಅಮ್ಮ ಕೂತರೆ?” ಎಂದರು ಇವರು. ಯಾರೂ ಕೇಳು ಎಂದಿರಲಿಲ್ಲ.

ಇವತ್ತು ಬೆಳಗ್ಗೆ ಇವರ ದೋಸೆಗೆ ಬರೀ ಉಪ್ಪಿನಕಾಯಿ.