ತಣ್ಣಗಿನ ವರ, ಬಿಸಿ ಬಿಸಿ ಪಾಲು

ನಮ್ಮ ಕಾಕಾನ ಮಗನಿಗೆ ಹೆಣ್ಣು ಹುಡುಕುತ್ತಿದ್ದೆವು. ಹುಡುಗ ಕಲಬುರಗಿಯವನೇ, ಆದರೂ ತಣ್ಣಗಿನ ಆಸಾಮಿ. ಸಿಟ್ಟಿಗೆ ಏರುವವನಲ್ಲ, ಖುಷಿಗೆ ಕುಣಿಯುವವನೂ ಅಲ್ಲ. "ಬಯೋಡಾಟಾ ಇಂಗ್ಲಿಷಿನಾಗ ಇರಲಿ, ವಜನ್ ಇರ್ತದ" ಅಂದರು ಕಾಕಾ. ಸ್ವಭಾವದ ಕಾಲಮ್ಮಿಗೆ ನಾನು 'ಈಕ್ವಬಲ್' ಅಂತ ಬರೆದುಕೊಟ್ಟೆ. ಏರಿಳಿತವಿಲ್ಲದ, ಒಂದೇ ಹದದ ಮನಸ್ಸಿನವನು ಅಂತ.

ಇಂಗ್ಲಿಷಿನವರು ಇದನ್ನು ಹವಾಮಾನಕ್ಕೂ ಬಳಸುತ್ತಾರೆ. ಹಾಗಂತ ತಂಪು ಎಂದಲ್ಲ. ಬೇಸಿಗೆಗೂ ಚಳಿಗಾಲಕ್ಕೂ ಜಾಸ್ತಿ ವ್ಯತ್ಯಾಸ ಇರಬಾರದು, ಅಷ್ಟೇ. ಆ ಲೆಕ್ಕದಲ್ಲಿ ಬೆವರು ಸುರಿಸುವ ಮಂಗಳೂರೂ ಈಕ್ವಬಲ್! ನಮ್ಮೂರಿಗೆ ಆ ಭಾಗ್ಯವಿಲ್ಲ. ಡಿಸೆಂಬರಿನ ಬೆಳಗ್ಗೆ ಸ್ವೆಟರ್ ಹುಡುಕಬೇಕು, ಮೇ ತಿಂಗಳಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಗ್ಗೆ 8ಕ್ಕೆ ತೆಗೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಇಂಥಲ್ಲಿ ಒಂದೇ ಹದದ ಮನುಷ್ಯ ಸಿಕ್ಕರೆ ಬರೆದು ತೋರಿಸಬೇಕು, ಅಲ್ವಾ?

ಟೈಪ್ ಮಾಡುವ ಅಂಗಡಿಯಲ್ಲಿ ಆ ಪದದ ನಡುವೆ ಎರಡಕ್ಷರ ಹೆಚ್ಚಿಗೆ ಸೇರಿ 'ಈಕ್ವಿಟಬಲ್' ಆಯಿತು. ಎರಡೂ ಲ್ಯಾಟಿನ್ನಿನ ಒಂದೇ ಬೇರಿನವು. ಆದರೆ ಇದು ನ್ಯಾಯವಾಗಿ ಹಂಚುವ ಮಾತು. ಹುಡುಗಿಯ ತಂದೆಯೋ ನಿವೃತ್ತ ಇಂಗ್ಲಿಷ್ ಮಾಸ್ತರು.

ಬಂದವರು ಹುಡುಗನನ್ನು ನೋಡಿದ್ದು ಕಮ್ಮಿ, ತೊಗರಿ ಹೊಲದ ಬಗ್ಗೆ ಕೇಳಿದ್ದೇ ಜಾಸ್ತಿ. "ಪಾಲಾಗ್ಯಾವೇನ್ರಿ? ಅಣ್ಣತಮ್ಮಂದಿರಿಗೆಲ್ಲ ಸಮ ಬಂದದೇನು?"

ನಮ್ಮ ಮನೆಯಲ್ಲಿ ಪಾಲು ಅನ್ನುವ ಮಾತನ್ನು ಗಟ್ಟಿಯಾಗಿ ಆಡುವವರಿಲ್ಲ. ಅಲ್ಲಿವರೆಗೆ ಸುಮ್ನೆ ಅಡಿಕೆ ಅಗಿಯುತ್ತಿದ್ದ ದೊಡ್ಡಪ್ಪ ಕಾಕಾನ ಕಡೆ ತಿರುಗಿದರು. "ಎಲ್ಲಿ ಸಮಾನೋ? ಬಾವಿ ಇರೋ ಹೊಲ ನೀನೇ ಇಟ್ಕೊಂಡೀಯಲ್ಲ!" ಕಾಕಾ ಎದ್ದು ನಿಂತರು. ಅದೇ ಹೊತ್ತಿಗೆ ಕರೆಂಟೂ ಹೋಯಿತು. ಇಬ್ಬರ ದನಿ ಪಕ್ಕದ ಓಣಿಗೂ ಕೇಳುತ್ತಿತ್ತು.

ವರ ಮಾತ್ರ ಒಳಗಿನಿಂದ ಬೀಸಣಿಗೆ ತಂದು ಮಾಸ್ತರರಿಗೆ ಗಾಳಿ ಹಾಕುತ್ತ, "ಇವರದು ಮುಗಿಯಂಗಿಲ್ಲ, ನೀವು ಮಜ್ಜಿಗಿ ಕುಡೀರಿ ಸರ್" ಅಂದ.

ಮಾಸ್ತರರು ಅವನನ್ನು ನೋಡಿದರು, ಬಯೋಡಾಟಾ ನೋಡಿದರು. ಜೇಬಿನಿಂದ ಪೆನ್ನು ತೆಗೆದು ಎರಡಕ್ಷರ ಹೊಡೆದು ಹಾಕಿದರು.

ಮದುವೆ ಗೊತ್ತಾಗಿದೆ. ಕಾರ್ಡಿನಲ್ಲಿ ದೊಡ್ಡಪ್ಪನ ಹೆಸರು ಹಾಕಬೇಕಾದರೆ ಮೊದಲು ಬಾವಿ ಹೊಲದ ಪಹಣಿ ತೋರಿಸಬೇಕಂತೆ.